ಚಹದಂಗಡಿಯಲ್ಲಿ ಹುಟ್ಟಿದ ಗಣಕ

ಜೀವಮಾನವೆಲ್ಲ ಹಳಗನ್ನಡ ಕಾವ್ಯವನ್ನೂ ಶಾಸನಗಳನ್ನೂ ಪಾಠ ಹೇಳಿಕೊಂಡು ಬಂದ ನನ್ನಂಥ ಮೇಷ್ಟರಿಗೆ ಗಣಕಯಂತ್ರದ ವಿಷಯ ಮಾತನಾಡಲು ಏನು ಅಧಿಕಾರವೆಂದು ಕೇಳುಗರು ಸಂದೇಹಪಟ್ಟರೆ ಅದು ನ್ಯಾಯವೇ. ನನಗಿರುವ ಅಧಿಕಾರ ಎರಡೇ. ಆ ಶಬ್ದ ನಮ್ಮದು ಎಂಬುದು ಒಂದು. ನಾನು ಬ್ಯಾಂಕಿನ ಗುಮಾಸ್ತರೊಬ್ಬರ ಮಗ ಎಂಬುದು ಇನ್ನೊಂದು.

ಗಣಕ ಎಂದರೆ ಎಣಿಸುವವನು, ಲೆಕ್ಕಿಗ, ಜೋಯಿಸ. ಸಂಸ್ಕೃತದಿಂದ ಬಂದು ನಮ್ಮದಾದ ಈ ಶಬ್ದ ಮೊದಲು ಮನುಷ್ಯನ ಹೆಸರಾಗಿತ್ತು. ಸೋಜಿಗವೆಂದರೆ ಇಂಗ್ಲಿಷಿನ ಕಂಪ್ಯೂಟರ್ ಎಂಬ ಪದವೂ ಬಹುಕಾಲ ಮನುಷ್ಯನನ್ನೇ ಹೇಳುತ್ತಿತ್ತು. ಕೂಡಿ ಕಳೆದು ಕೋಷ್ಟಕಗಳನ್ನು ಸಿದ್ಧಪಡಿಸುವ ನೌಕರನಿಗೆ ಆ ಹೆಸರು. ನಮ್ಮ ಶಾಸನಗಳ ಸೇನಬೋವ ಮುಂದೆ ಶಾನುಭೋಗನಾದ. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯ ಮಡಿಕೆಗೆ ಕಡತವೆಂದು ಹೆಸರು. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಈಗ ಕಡತವೆಂದರೆ ಸರ್ಕಾರಿ ಕಚೇರಿಯ ಫೈಲು. ಶಬ್ದಗಳು ಹೀಗೆ ಮನೆ ಬದಲಾಯಿಸುವುದು ನನಗೆ ಹೊಸದಲ್ಲ. ಆದರೆ ಲೆಕ್ಕಿಗನ ಹೆಸರಿನ ಜೊತೆಗೆ ಅವನ ಕೆಲಸವನ್ನೂ ಯಂತ್ರವೊಂದು ತೆಗೆದುಕೊಂಡ ಬಗೆ ಹೇಗೆ ಎಂಬ ಕುತೂಹಲದಿಂದ ನಾನು ಈ ವಿಷಯವನ್ನು ಓದತೊಡಗಿದೆ.

ಗಣಕ ಹುಟ್ಟಿದ್ದು ಯುದ್ಧಕ್ಕಾಗಿ, ಗುಂಡಿನ ಪಥವನ್ನು ಲೆಕ್ಕ ಹಾಕುವುದಕ್ಕಾಗಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ಅಂಗಡಿಯ ಲೆಕ್ಕಕ್ಕೆ ಅದನ್ನು ದಿನನಿತ್ಯ ದುಡಿಸಿದವರಲ್ಲಿ ಮೊದಲಿಗರು ಯಾರು ಬಲ್ಲಿರಾ? ಚಹ ಮಾರುವವರು. ಲಂಡನ್ನಿನ ಜೆ. ಲಯನ್ಸ್ ಎಂಬ ಕಂಪನಿಗೆ ಆ ನಗರದಲ್ಲೂ ಹೊರಗೂ ಇನ್ನೂರಕ್ಕೂ ಹೆಚ್ಚು ಚಹದಂಗಡಿಗಳಿದ್ದವು. ದೊಡ್ಡ ಬೇಕರಿಗಳಿದ್ದವು. ಒಂದು ಬಟ್ಟಲು ಚಹ, ಒಂದು ತುಂಡು ಕೇಕು. ಲಾಭ ಕಾಸಿನಷ್ಟು, ಚೀಟಿ ಮಾತ್ರ ಲಕ್ಷಾಂತರ. ಹೋಟೆಲಿನ ಗಲ್ಲೆಯ ಮೇಲೆ ಕೂತವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. ಕಾಸಿನ ಲಾಭವನ್ನು ಎಣಿಸುವುದಕ್ಕೆ ರೂಪಾಯಿಯ ಗುಮಾಸ್ತನನ್ನು ಇಡಬೇಕಾದರೆ ವ್ಯಾಪಾರ ನಡೆಯುವುದೆಂತು?

ಆ ಕಂಪನಿಯ ಕಚೇರಿಯನ್ನು ನೋಡಿಕೊಳ್ಳುತ್ತಿದ್ದವರು ಜಾನ್ ಸಿಮನ್ಸ್ ಎಂಬ ಕೇಂಬ್ರಿಜ್ ಗಣಿತಜ್ಞರು. 1947ರಲ್ಲಿ ಕಂಪನಿ ತನ್ನ ಇಬ್ಬರು ಅಧಿಕಾರಿಗಳನ್ನು, ಸ್ಟ್ಯಾಂಡಿಂಗ್‌ಫೋರ್ಡ್ ಮತ್ತು ಥಾಮ್ಸನ್ ಎಂಬವರನ್ನು, ಕಚೇರಿಯ ಹೊಸ ಪದ್ಧತಿಗಳನ್ನು ನೋಡಿಬರಲು ಅಮೆರಿಕಕ್ಕೆ ಕಳುಹಿಸಿತು. ಪ್ರಿನ್ಸ್‌ಟನ್ನಿನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಅವರನ್ನು ಕಂಡಾಗ, ಇಂಥ ಯಂತ್ರವೊಂದು ನಿಮ್ಮ ಕೇಂಬ್ರಿಜ್ಜಿನಲ್ಲೇ ಸಿದ್ಧವಾಗುತ್ತಿದೆಯೆಂದು ಅವರು ತಿಳಿಸಿದರಂತೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಆಂಗ್ಲರಿಗೂ ಸಲ್ಲುತ್ತದೆ. ಅಲ್ಲಿ ಮಾರಿಸ್ ವಿಲ್ಕ್ಸ್ ಅವರು ಕಟ್ಟುತ್ತಿದ್ದ ಎಡ್‌ಸ್ಯಾಕ್ ಯಂತ್ರಕ್ಕೆ ಲಯನ್ಸ್ ಹಣವನ್ನೂ ಒಬ್ಬ ಕೆಲಸಗಾರನನ್ನೂ ಕೊಟ್ಟಿತು. 1949ರ ಮೇ 6ರಂದು ಅದು ಮೊದಲ ಲೆಕ್ಕ ಮಾಡಿತು. ಆ ಮಾದರಿಯ ಮೇಲೆ ಚಹದಂಗಡಿಯವರು ತಮ್ಮದೇ ಯಂತ್ರ ಕಟ್ಟಿಕೊಂಡರು. ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್ ಎಂಬುದರ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಲಿಯೋ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಲಿಯೋ ಎಂದರೆ ಸಿಂಹ. ಕಂಪನಿಯ ಹೆಸರಿನಲ್ಲೂ ಸಿಂಹವಿದೆಯಷ್ಟೆ. 1951ರ ನವೆಂಬರಿನಲ್ಲಿ ಬೇಕರಿಗಳ ರೊಟ್ಟಿ ಕೇಕುಗಳ ಬೆಲೆ ಕಟ್ಟುವ ವಾರದ ಲೆಕ್ಕವನ್ನು ಈ ಸಿಂಹಕ್ಕೆ ಒಪ್ಪಿಸಲಾಯಿತು.

ಸಿಂಹದ ಗಾತ್ರವೂ ಸಿಂಹದ್ದೇ. ಹಳೆಯ ರೇಡಿಯೋ ಪೆಟ್ಟಿಗೆಯ ಹಿಂಬದಿಯಲ್ಲಿ ಕೆಂಪಗೆ ಉರಿಯುತ್ತಿದ್ದ ವಾಲ್ವುಗಳು ನೆನಪಿವೆಯೆ? ಅಂಥವು ಆರು ಸಾವಿರದಷ್ಟು ಅದರಲ್ಲಿದ್ದವು. ಅದರ ನೆನಪಿನ ಶಕ್ತಿಯಾದರೋ ಪಾದರಸದ ಕೊಳವೆಗಳಲ್ಲಿ ಅಡಗಿತ್ತು: ಒಂದೊಂದೂ ಐದಡಿಗೂ ಉದ್ದವಾದ 64 ಕೊಳವೆಗಳು. ಅಂಕಿಗಳು ವಿದ್ಯುತ್ ಮಿಡಿತಗಳಾಗಿ ಬಂದು ಪಾದರಸದೊಳಗೆ ಶಬ್ದದ ಅಲೆಗಳಾಗಿ ಸಾಗುತ್ತವೆ; ಇನ್ನೊಂದು ತುದಿ ಮುಟ್ಟಿದೊಡನೆ ಮತ್ತೆ ವಿದ್ಯುತ್ತಾಗಿ, ತಿದ್ದಿಕೊಂಡು, ಮೊದಲ ತುದಿಗೇ ಮರಳುತ್ತವೆ. ಬೇಕಾಗುವವರೆಗೂ ಈ ಸುತ್ತು ನಿಲ್ಲುವಂತಿಲ್ಲ. ನಮ್ಮ ಜನಪದ ಕಥೆಯ ಅಳಿಯ ಅತ್ತೆಮನೆಯಲ್ಲಿ ತಿಂದ ತಿಂಡಿಯ ಹೆಸರು ಮರೆಯಬಾರದೆಂದು ದಾರಿಯುದ್ದಕ್ಕೂ ಅದನ್ನೇ ಜಪಿಸುತ್ತಾ ಬರುತ್ತಾನಲ್ಲವೆ, ಹಾಗೆ. ಅವನು ಕಾಲುವೆ ದಾಟುವಾಗ ಒಂದು ಉದ್ಗಾರ ತೆಗೆದು ತಿಂಡಿಯ ಹೆಸರನ್ನೇ ಕಳೆದುಕೊಂಡ. ಯಂತ್ರಕ್ಕೆ ವಿದ್ಯುತ್ತು ತಪ್ಪಿದರೆ ಅದೇ ಗತಿ. ಇಷ್ಟೆಲ್ಲ ಏರ್ಪಾಡಿನಿಂದ ಅದು ನೆನಪಿಟ್ಟುಕೊಳ್ಳುತ್ತಿದ್ದುದು 2048 ಚಿಕ್ಕ ಸಂಖ್ಯೆಗಳನ್ನು. ನನ್ನ ಮೊಮ್ಮಗಳ ಆಟದ ಸಾಮಾನಿನಲ್ಲಿ ಅದಕ್ಕಿಂತ ಹೆಚ್ಚಿನ ಸ್ಮರಣೆಯಿದೆ.

ಮುಂದೆ ಸಂಬಳದ ಪಟ್ಟಿಯ ಸರದಿ. ಒಬ್ಬ ನೌಕರನ ವಾರದ ಸಂಬಳ, ತೆರಿಗೆ, ಕಡಿತ ಇವನ್ನೆಲ್ಲ ಲೆಕ್ಕ ಹಾಕಲು ಅನುಭವಸ್ಥ ಗುಮಾಸ್ತನಿಗೆ ಎಂಟು ನಿಮಿಷ ಹಿಡಿಯುತ್ತಿತ್ತು; ಲಿಯೋಗೆ ಒಂದೂವರೆ ಸೆಕೆಂಡು. ಆದರೂ ಸಿಮನ್ಸರು ಆತುರಪಡಲಿಲ್ಲ. ಕೆಲವು ವಾರ ಗುಮಾಸ್ತರ ಲೆಕ್ಕವನ್ನೂ ಯಂತ್ರದ ಲೆಕ್ಕವನ್ನೂ ಜೊತೆಜೊತೆಯಾಗಿ ನಡೆಸಿ, ತಾಳೆ ನೋಡಿ, 1954ರಲ್ಲಿ ಆ ಕೆಲಸವನ್ನು ಯಂತ್ರಕ್ಕೆ ವಹಿಸಿದರು. ರೊಟ್ಟಿಯ ಬೆಲೆ ಒಂದು ದಿನ ತಡವಾದರೆ ಯಾರೂ ಕೇಳರು. ಸಂಬಳ ತಡವಾದರೆ ಬೆಲೆ ಕಟ್ಟಲು ರೊಟ್ಟಿಯೇ ಇರುವುದಿಲ್ಲ!

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಅದೇ ವರ್ಷ ಅಂಗಡಿಗಳ ಸರಬರಾಜಿಗೆ ಅವರು ಹೂಡಿದ ಉಪಾಯ. ಪ್ರತಿ ಅಂಗಡಿಗೂ ಇಂಥ ವಾರ ಇಷ್ಟು ಬನ್ನು, ಇಷ್ಟು ಕೇಕು ಎಂಬ ನಿಗದಿ ಯಂತ್ರದ ಬಳಿ ಇದ್ದೇ ಇರುತ್ತಿತ್ತು. ಮಧ್ಯಾಹ್ನ ಪ್ರಧಾನ ಕಚೇರಿಯ ಹುಡುಗಿ ಅಂಗಡಿಯ ಮೇಲ್ವಿಚಾರಕಿಗೆ ಫೋನು ಮಾಡಿ, ನಾಳೆಗೆ ಏನು ವ್ಯತ್ಯಾಸವೆಂದು ಮಾತ್ರ ಕೇಳುತ್ತಿದ್ದಳು. ಕೇಳುತ್ತಲೇ ಕಾರ್ಡಿನಲ್ಲಿ ತೂತು ಹೊಡೆಯುತ್ತಿದ್ದಳು. ಎಲ್ಲವನ್ನೂ ಬರೆಯದೆ ಬದಲಾದುದನ್ನು ಮಾತ್ರ ಬರೆಯುವುದು! ನಮ್ಮ ಪಾಣಿನಿಯನ್ನು ಓದಿದವರಿಗೆ ಈ ಜಾಣ್ಮೆ ಪರಿಚಿತವಾದದ್ದೇ. ಮೊದಲ ಸೂತ್ರದಲ್ಲಿ ಬಂದ ಪದವನ್ನು ಮುಂದಿನ ಸೂತ್ರದಲ್ಲಿ ಮತ್ತೆ ಹೇಳದೆ ಅನುವೃತ್ತಿಯಿಂದ ತಂದುಕೊಳ್ಳುತ್ತಾರೆ.

ಆ ಯಂತ್ರಕ್ಕೆ ಆದೇಶಗಳನ್ನು ಬರೆದವರಲ್ಲಿ ಮೇರಿ ಕೂಂಬ್ಸ್ ಎಂಬ ಮಹಿಳೆಯಿದ್ದರು. 1952ರಲ್ಲಿ ಸೇರಿದ ಆಕೆ ವಾಣಿಜ್ಯದ ಗಣಕಕ್ಕೆ ಕ್ರಮವಿಧಿ ಬರೆದ ಮೊದಲ ಮಹಿಳೆಯೆಂದು ಹೆಸರಾದರು, 2022ರಲ್ಲಿ ತೀರಿಕೊಂಡರು. ಆಕೆ ಕಾಲೇಜಿನಲ್ಲಿ ಓದಿದ್ದು ಫ್ರೆಂಚ್ ಮತ್ತು ಇತಿಹಾಸ. ಭಾಷೆ ಓದಿದವರಿಗೆ ಕೆಲಸ ಸಿಕ್ಕದೆಂದು ಮೂವತ್ತು ವರ್ಷ ಕೇಳಿಸಿಕೊಂಡ ನಾನು ಇದನ್ನು ಒತ್ತಿ ಹೇಳಿದರೆ ಕ್ಷಮಿಸಬೇಕು. ಆದೇಶವನ್ನು ಎರಡರ್ಥ ಬಾರದಂತೆ ಬರೆಯುವುದು ವ್ಯಾಕರಣದವರ ಕೆಲಸವೇ ಅಲ್ಲವೆ?

ಲಿಯೋವಿನ ವಂಶ ಹೆಚ್ಚು ಬೆಳೆಯಲಿಲ್ಲ. ಲಯನ್ಸ್ ಯಂತ್ರ ಮಾರಲೆಂದೇ ಒಂದು ಕಂಪನಿ ತೆರೆಯಿತು. 1963ರಲ್ಲಿ ಅದು ಇಂಗ್ಲಿಷ್ ಎಲೆಕ್ಟ್ರಿಕ್ ಜೊತೆ ಸೇರಿತು, ಆಮೇಲೆ ಬೇರೆ ಹೆಸರುಗಳಲ್ಲಿ ಕರಗಿತು. ಮೊದಲ ಲಿಯೋವನ್ನು 1965ರಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಐಬಿಎಂ 1959ರಲ್ಲಿ ತಂದ 1401 ಎಂಬ ಯಂತ್ರ ಹತ್ತು ಸಾವಿರಕ್ಕೂ ಮಿಕ್ಕಿ ಜಗತ್ತಿನ ಕಚೇರಿಗಳನ್ನು ಹೊಕ್ಕಿತು.

ಬ್ಯಾಂಕಿನ ಕಥೆ ಅಮೆರಿಕದ್ದು. ಎರಡನೆಯ ಮಹಾಯುದ್ಧದ ತರುವಾಯ ಕ್ಯಾಲಿಫೋರ್ನಿಯದಲ್ಲಿ ಜನ ಹೆಚ್ಚಿ ಚೆಕ್ಕುಗಳ ಹೊಳೆಯೇ ಹರಿಯಿತು. ಲೆಕ್ಕ ಮುಗಿಯದೆಂದು ಬ್ಯಾಂಕುಗಳು ಮಧ್ಯಾಹ್ನ ಎರಡಕ್ಕೇ ಬಾಗಿಲು ಹಾಕಬೇಕಾಗಿತ್ತು. ಬ್ಯಾಂಕ್ ಆಫ್ ಅಮೆರಿಕ 1950ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಮೊರೆಹೊಕ್ಕಿತು. ಅವರು ಎರ್ಮಾ ಎಂಬ ಯಂತ್ರವನ್ನು ರೂಪಿಸಿ 1955ರಲ್ಲಿ ತೋರಿಸಿದರು. ಜನರಲ್ ಎಲೆಕ್ಟ್ರಿಕ್ ಕಟ್ಟಿದ ಯಂತ್ರಗಳು 1959ರಲ್ಲಿ ಬಂದಾಗ ಅದರ ಸಮಾರಂಭವನ್ನು ನಡೆಸಿಕೊಟ್ಟವರು ಆಗಿನ್ನೂ ನಟರಾಗಿದ್ದ ರೊನಾಲ್ಡ್ ರೇಗನ್.

ಈ ಯಂತ್ರಕ್ಕಾಗಿ ಅವರು ಮೊದಲು ಮಾಡಬೇಕಾದ ಕೆಲಸವೇನೆಂದರೆ ಗಿರಾಕಿಗಳಿಗೆ ಅಂಕಿಯ ಹೆಸರಿಡುವುದು. ಅಲ್ಲಿಯವರೆಗೆ ಖಾತೆಗಳು ಹೆಸರಿನ ಅಕಾರಾದಿಯಲ್ಲಿದ್ದವು; ಹೊಸ ಹೆಸರು ಬಂದಾಗಲೆಲ್ಲ ನಡುವೆ ತೂರಿಸಬೇಕಾಗಿತ್ತು. ಮನುಷ್ಯನಿಗೆ ಖಾತೆ ಸಂಖ್ಯೆ ಬಂತು. ಆ ಸಂಖ್ಯೆಯನ್ನು ಯಂತ್ರ ಓದಬೇಡವೆ? ಅದಕ್ಕೆ ಕಾಂತಶಕ್ತಿಯುಳ್ಳ ಶಾಯಿಯನ್ನೂ ವಿಚಿತ್ರವಾಗಿ ಅಲ್ಲಲ್ಲಿ ಉಬ್ಬಿದ ಹದಿನಾಲ್ಕು ಅಕ್ಷರಗಳನ್ನೂ ಸೃಷ್ಟಿಸಿದರು: ಹತ್ತು ಅಂಕಿ, ನಾಲ್ಕು ಚಿಹ್ನೆ. ಮೇಲೆ ಮೊಹರು ಬಿದ್ದರೂ ಯಂತ್ರ ಓದಬಲ್ಲದು, ಏಕೆಂದರೆ ಅದು ನೋಡುವುದು ಕಪ್ಪನ್ನಲ್ಲ, ಕಾಂತವನ್ನು. ನಿಮ್ಮ ಮನೆಯಲ್ಲಿ ಚೆಕ್ಕುಪುಸ್ತಕವಿದ್ದರೆ ಹಾಳೆಯ ತಳದ ಬಿಳಿಯ ಪಟ್ಟಿಯನ್ನು ನೋಡಿ. ಆ ಲಿಪಿಯೇ ಅದು. 1980ರ ದಶಕದ ಉತ್ತರಾರ್ಧದಲ್ಲಿ ರಿಸರ್ವ್ ಬ್ಯಾಂಕು ಅದನ್ನು ನಮ್ಮ ಮಹಾನಗರಗಳ ಚೆಕ್ಕು ವಿನಿಮಯಕ್ಕೆ ತಂದಿತು. ಲಿಪಿಶಾಸ್ತ್ರ ಓದಿದ ನನಗೆ ಕದಂಬ, ಹೊಯ್ಸಳ ಲಿಪಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಬೇಕೆನ್ನಿಸುತ್ತದೆ.

ಈಗ ನಮ್ಮ ತಂದೆಯವರ ಮಾತು. ಅವರು ತಾಲ್ಲೂಕಿನ ಒಂದು ಬ್ಯಾಂಕು ಶಾಖೆಯಲ್ಲಿ ಲೆಡ್ಜರು ಬರೆಯುತ್ತಿದ್ದರು. ಉಳಿತಾಯ ಖಾತೆಗೆ ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯವರೆಗಿನ ಕನಿಷ್ಠ ಬಾಕಿಯ ಮೇಲೆ ಬಡ್ಡಿ ಕಟ್ಟುತ್ತಿದ್ದ ಕಾಲ. ಜೂನ್ ಮತ್ತು ಡಿಸೆಂಬರ್ ಕೊನೆಯಲ್ಲಿ ಅವರು ಮನೆಗೆ ಬರುವಾಗ ನಾವು ಮಕ್ಕಳು ನಿದ್ದೆ ಹೋಗಿರುತ್ತಿದ್ದೆವು. ಮೊತ್ತ ತಾಳೆಯಾಗದಿದ್ದರೆ ನಾಲ್ಕಾಣೆಗಾಗಿಯೂ ಎಲ್ಲರೂ ಕೂರಬೇಕು. ‘ಮಗು, ವ್ಯತ್ಯಾಸ ಒಂಬತ್ತರಿಂದ ಭಾಗ ಹೋದರೆ ಎಲ್ಲೋ ಅಂಕಿ ಹಿಂದುಮುಂದಾಗಿದೆ ಅಂತ ತಿಳಿ’ ಎಂದು ಅವರು ನನಗೆ ಹೇಳಿಕೊಟ್ಟಿದ್ದರು. ಗಣಿತದಲ್ಲಿ ನನಗೆ ನೆನಪುಳಿದ ಒಂದೇ ಸೂತ್ರ ಅದು.

ಯಂತ್ರ ಬರುತ್ತದೆಂಬ ಸುದ್ದಿಗೆ ಅವರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹೋದವರೇ. 1983ರಲ್ಲಿ ಬ್ಯಾಂಕುಗಳಿಗೂ ನೌಕರ ಸಂಘಗಳಿಗೂ ಒಪ್ಪಂದವಾಯಿತು. ಕೆಲವು ವರ್ಷಗಳ ಮೇಲೆ ಅವರ ಶಾಖೆಗೂ ಲೆಡ್ಜರು ಯಂತ್ರ ಬಂತು. ಯಾರ ಕೆಲಸವೂ ಹೋಗಲಿಲ್ಲವೆಂದು ಆಡಳಿತದವರು ಹೇಳುತ್ತಿದ್ದರು, ಅದು ಸುಳ್ಳಲ್ಲ. ಆದರೆ ಅವರ ಪಕ್ಕದ ಮೇಜಿನವರು ನಿವೃತ್ತರಾದಾಗ ಆ ಕುರ್ಚಿಗೆ ಯಾರೂ ಬರಲಿಲ್ಲ. ಊರಿನಲ್ಲಿ ಬಿ.ಕಾಂ. ಮುಗಿಸಿ ಕಾಯುತ್ತಿದ್ದ ಹುಡುಗರು ಆ ಖಾಲಿ ಕುರ್ಚಿಯನ್ನು ನೋಡಿಕೊಂಡು ಹೋಗುತ್ತಿದ್ದರು. ಈ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ.

ತಂದೆಯವರಿಗೆ ಯಂತ್ರದ ಮೇಲೆ ದ್ವೇಷವಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಮೊದಲ ಅರ್ಧವಾರ್ಷಿಕ ಬಡ್ಡಿಯನ್ನು ಯಂತ್ರ ಕಟ್ಟಿದಾಗ, ಯಾರೂ ಹೇಳದಿದ್ದರೂ ಅಚ್ಚಾದ ಹಾಳೆಗಳನ್ನು ಹರವಿಕೊಂಡು ಮೂರು ರಾತ್ರಿ ಕೈಯಿಂದ ಕೂಡಿದರು. ಎರಡು ರಾತ್ರಿ ಎಲ್ಲ ಸರಿಯಿತ್ತು. ಮೂರನೆಯ ರಾತ್ರಿ ಇಪ್ಪತ್ತೇಳು ರೂಪಾಯಿ ವ್ಯತ್ಯಾಸ ಬಂತು. ಮೂರು ಒಂಬತ್ತಲ ಇಪ್ಪತ್ತೇಳು. ಅವರು ಮೊತ್ತವನ್ನು ಮತ್ತೆ ಕೂಡುವ ಗೋಜಿಗೆ ಹೋಗದೆ ಚಲನ್ನುಗಳ ಕಟ್ಟನ್ನು ಬಿಚ್ಚಿದರಂತೆ. ಒಬ್ಬ ಹಾಲಿನವಳು ಕಟ್ಟಿದ 85 ರೂಪಾಯಿಯನ್ನು ಯಾರೋ 58 ಎಂದು ಒತ್ತಿದ್ದರು. ಯಂತ್ರ ತನಗೆ ಕೊಟ್ಟದ್ದನ್ನು ತಪ್ಪಿಲ್ಲದೆ ಕೂಡಿತ್ತು. ತಂದೆಯವರು ಕೆಂಪು ಪೆನ್ಸಿಲಿನಿಂದ ಆ ಸಾಲಿಗೆ ಗೆರೆ ಹಾಕಿ, ಪಕ್ಕದಲ್ಲಿ 85 ಎಂದು ಬರೆದು, ಸಹಿ ಮಾಡಿ, ಹನ್ನೊಂದು ಗಂಟೆಗೆ ಮನೆಗೆ ಬಂದು ಊಟಕ್ಕೆ ಕುಳಿತರು.