ಹವ್ಯಾಸಿ ರೇಡಿಯೋ: ಮೊದಲ ಯಂತ್ರದ ಆಯ್ಕೆ



2004ರ ಡಿಸೆಂಬರ್ 26ರಂದು ಸುನಾಮಿಯ ಅಲೆಗಳು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿದವು. ದೂರವಾಣಿ ಸಂಪರ್ಕ ಕಡಿದುಹೋಯಿತು. ಹವ್ಯಾಸಕ್ಕೆಂದು ಅಂದಿನ ಪೋರ್ಟ್ ಬ್ಲೇರ್‌ಗೆ ತೆರಳಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ತಮ್ಮ ರೇಡಿಯೋ ಯಂತ್ರಗಳ ಮೂಲಕ ದ್ವೀಪಗಳ ಕ್ಷೇಮವಾರ್ತೆಯನ್ನು ಮುಖ್ಯಭೂಮಿಗೆ ತಲುಪಿಸಿದರು. ಹವ್ಯಾಸವು ಸೇವೆಯಾಗಿ ಪರಿಣಮಿಸಲು ಯಂತ್ರವಷ್ಟೇ ಸಾಲದು. ಅದನ್ನು ನಿತ್ಯವೂ ಬಳಸಿ ಪಳಗಿದ ಕೈಯೂ ಬೇಕು. ಆದ್ದರಿಂದ ಹೊಸಬರು ಕೊಳ್ಳುವ ಮೊದಲ ಯಂತ್ರವು ದಿನನಿತ್ಯ ಬಳಸಲು ಸಾಧ್ಯವಾಗುವಂಥದಾಗಿರಬೇಕು.

ಯಂತ್ರಕ್ಕಿಂತ ಮೊದಲು ಬೇಕಾದದ್ದು ಪರವಾನಗಿ. ಭಾರತದಲ್ಲಿ ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಅರ್ಹತಾ ಪ್ರಮಾಣಪತ್ರ ದೊರೆಯುತ್ತದೆ. ಪರವಾನಗಿಯೊಂದಿಗೆ ಪ್ರತ್ಯೇಕ ಕರೆಸಂಕೇತವೂ ಲಭಿಸುತ್ತದೆ. ಪ್ರಮಾಣಪತ್ರದ ದರ್ಜೆಗೆ ತಕ್ಕಂತೆ ತರಂಗಪಟ್ಟಿ ಮತ್ತು ಶಕ್ತಿಯ ಮಿತಿಗಳು ನಿಗದಿಯಾಗಿರುತ್ತವೆ. ಪರವಾನಗಿಯಿಲ್ಲದೆ ಪ್ರೇಷಕ ಯಂತ್ರವನ್ನು ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧ. ಅಗ್ಗದ ವಾಕಿಟಾಕಿಗಳ ಅಕ್ರಮ ಮಾರಾಟವನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಅಂತರಜಾಲ ಮಾರಾಟ ತಾಣಗಳಿಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಮಾರಾಟಕ್ಕೆ ಸಿಕ್ಕಿತೆಂಬ ಮಾತ್ರಕ್ಕೆ ಯಂತ್ರವು ಕಾನೂನುಬದ್ಧವಾಗುವುದಿಲ್ಲ.

ಮುಂದಿನ ಪ್ರಶ್ನೆ, ಯಾರೊಡನೆ ಮಾತನಾಡಬೇಕು ಎಂಬುದು. ಊರಿನೊಳಗಿನ ಸಂಪರ್ಕಕ್ಕೆ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯ ಕೈಯಂತ್ರ ಸಾಕು. ಈ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಕಟ್ಟಡ, ಗುಡ್ಡಗಳು ಅಡ್ಡಬರುತ್ತವೆ. ಎತ್ತರದಲ್ಲಿ ಸ್ಥಾಪಿಸಿದ ರಿಪೀಟರ್ ದುರ್ಬಲ ಸಂಕೇತವನ್ನು ಸ್ವೀಕರಿಸಿ ಮರುಪ್ರಸಾರ ಮಾಡುತ್ತದೆ. ಹತ್ತಿರದಲ್ಲಿ ರಿಪೀಟರ್ ಇದೆಯೇ ಎಂದು ತಿಳಿದುಕೊಂಡ ಬಳಿಕವೇ ಕೈಯಂತ್ರ ಕೊಳ್ಳುವುದು ಲೇಸು. ದೂರದ ರಾಜ್ಯ, ವಿದೇಶಗಳ ಸಂಪರ್ಕಕ್ಕೆ 7 ಅಥವಾ 14 ಮೆಗಾಹರ್ಟ್ಸ್‌ನಂತಹ ಹ್ರಸ್ವತರಂಗ ಪಟ್ಟಿಗಳು ಬೇಕು. ಇವು ಅಯಾನುಗೋಳದಿಂದ ಬಾಗಿ ಮರಳಿ ಭೂಮಿಗೆ ಇಳಿಯುತ್ತವೆ.

ಮೂರನೆಯದು ಮನೆಯ ಅನುಕೂಲ. 7 ಮೆಗಾಹರ್ಟ್ಸ್‌ನ ಅರ್ಧತರಂಗ ಆಂಟೆನಾಕ್ಕೆ ಸುಮಾರು 20 ಮೀಟರ್ ಉದ್ದದ ತಂತಿ ಬೇಕಾಗುತ್ತದೆ. ಮುಂಬಯಿ ಅಥವಾ ಚೆನ್ನೈನ ಬಹುಮಹಡಿ ವಸತಿಯಲ್ಲಿರುವವರು ತಾರಸಿಯ ಬಳಕೆಗೆ ವಸತಿ ಸಂಘದ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. 145 ಮೆಗಾಹರ್ಟ್ಸ್‌ನ ಕಾಲುತರಂಗ ಆಂಟೆನಾ ಕೇವಲ ಅರ್ಧ ಮೀಟರ್. ಅದು ಬಾಲ್ಕನಿಯಲ್ಲಿಯೂ ನಿಲ್ಲುತ್ತದೆ.

ಹೆಚ್ಚು ವ್ಯಾಟ್‌ಗಳ ಆಕರ್ಷಣೆಗೆ ಹೊಸಬರು ಸುಲಭವಾಗಿ ಮರುಳಾಗುತ್ತಾರೆ. ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೂ ಗ್ರಾಹಕದ ಸಂಕೇತಮಾಪಕ ಏರುವುದು ಒಂದೇ ಅಂಶದಷ್ಟು. ಅದೇ ಹಣವನ್ನು ಉತ್ತಮ ಆಂಟೆನಾ ಮತ್ತು ಕೇಬಲ್‌ಗೆ ವ್ಯಯಿಸಿದರೆ ಕಳುಹಿಸುವುದೂ ಕೇಳುವುದೂ ಎರಡೂ ಸುಧಾರಿಸುತ್ತವೆ. ಇದಲ್ಲದೆ, 100 ವ್ಯಾಟ್ ಯಂತ್ರಕ್ಕೆ 13.8 ವೋಲ್ಟ್‌ನಲ್ಲಿ ಸುಮಾರು 20 ಆಂಪಿಯರ್ ಒದಗಿಸುವ ವಿದ್ಯುತ್ ಮೂಲವನ್ನೂ ಕೊಳ್ಳಬೇಕಾಗುತ್ತದೆ. ಬೆಲೆಯನ್ನು ಲೆಕ್ಕಹಾಕುವಾಗ ಇವೆಲ್ಲವನ್ನೂ ಸೇರಿಸಿಕೊಳ್ಳಬೇಕು.

ಕೈಯಾರೆ ಕಟ್ಟುವ ಮಾರ್ಗವೂ ಇದೆ. ಹೈದರಾಬಾದಿನ ಅಷ್ಹರ್ ಫರ್ಹಾನ್ ಅವರು ರೂಪಿಸಿದ ‘ಬಿಟ್‌ಎಕ್ಸ್’ ಯಂತ್ರವನ್ನು ಸಾಮಾನ್ಯವಾಗಿ ದೊರೆಯುವ ಬಿಡಿಭಾಗಗಳಿಂದಲೇ ಜೋಡಿಸಬಹುದು. ಕೆಲವೇ ವ್ಯಾಟ್‌ಗಳ ಈ ಯಂತ್ರದ ವಿನ್ಯಾಸವನ್ನು ಅನೇಕ ದೇಶಗಳ ಹವ್ಯಾಸಿಗಳು ಅನುಸರಿಸಿದ್ದಾರೆ. ಕಟ್ಟಿದವನಿಗೆ ದುರಸ್ತಿಯ ಜ್ಞಾನವೂ ದಕ್ಕುತ್ತದೆ.

ಯಾವುದನ್ನು ಆರಿಸಿದರೂ, ಕೊಳ್ಳುವ ಮುನ್ನ ಸ್ಥಳೀಯ ಹವ್ಯಾಸಿ ಸಂಘದ ಅನುಭವಿಗಳ ನಿಲ್ದಾಣದಲ್ಲಿ ಕೆಲವು ಸಂಜೆಗಳನ್ನು ಕಳೆಯುವುದು ಹಿತಕರ. ಯಾವ ಪಟ್ಟಿಯಲ್ಲಿ ಯಾವ ವೇಳೆಗೆ ಯಾರ ಧ್ವನಿ ಕೇಳಿಬರುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಹಳೆಯ ಯಂತ್ರ ಕೊಳ್ಳುವುದಾದರೆ ಅದರ ಪರವಾನಗಿ ದಾಖಲೆಗಳನ್ನು ನೋಡಿ, ಕಳುಹಿಸುವ ಮತ್ತು ಕೇಳುವ ಎರಡೂ ಭಾಗಗಳನ್ನು ಅನುಭವಿಗಳಿಂದ ಪರೀಕ್ಷಿಸಬೇಕು. ಚೆನ್ನಾಗಿ ಆಲಿಸಲು ಕಲಿತವನೇ ಸಂಕಟದ ವೇಳೆಯಲ್ಲಿ ಕ್ಷೀಣ ಕರೆಯನ್ನು ಗುರುತಿಸಬಲ್ಲನು.