ಚೀಟಿಯ ಮೇಲಿನ ಮೂರಕ್ಷರ



ಗಿರಾಕಿ ದೋಸೆ ಕೇಳಿದರೆ ಮಾಣಿಗಳಾದ ನಾವು ಒಳಗೆ ಕೂಗುವುದು ‘ಒಂದು ಮಸಾಲೆ’ ಎಂದಷ್ಟೇ. ಅಡಿಗೆ ಭಟ್ಟರಿಗೆ ಅದು ತಿಳಿದರೆ ಸಾಕು. ಡಾಕ್ಟರರ ಚೀಟಿಯ ಮಾತು ಹಾಗಲ್ಲ. ಬರೆಯುವವರು ಡಾಕ್ಟರು, ಓದುವವರು ಔಷಧದಂಗಡಿಯವರು, ನುಂಗುವವರು ನಾವು.

ನಮ್ಮ ಜೊತೆ ಪಾತ್ರೆ ತೊಳೆಯುತ್ತಿದ್ದ ಹುಡುಗನಿಗೆ ಬೆನ್ನುನೋವಿಗೆ ಮಾತ್ರೆ ಬರೆದುಕೊಟ್ಟಿದ್ದರು. ಪಕ್ಕದಲ್ಲಿ ‘ಎಸ್.ಓ.ಎಸ್.’ ಎಂದಿತ್ತು. ಮೂರಕ್ಷರವಿದೆ, ಮೂರು ಹೊತ್ತು ನುಂಗು ಎಂದು ನಾವೇ ಹೇಳಿದೆವು. ಬರಿಹೊಟ್ಟೆಯಲ್ಲಿ ನುಂಗಿ ನಾಲ್ಕನೆಯ ದಿನ ರಕ್ತ ಕಾರಿದ. ಹೇಗೋ ಉಳಿದುಕೊಂಡ. ತಪ್ಪು ಅವನದಲ್ಲ, ತಿಳಿಯದೆ ಹೇಳಿದ ನಮ್ಮದು.

ಆಮೇಲೆ ಕೇಳಿ ತಿಳಿದೆವು. ಇವು ಇಂಗ್ಲಿಷ್ ಮಾತುಗಳಲ್ಲ, ಲ್ಯಾಟಿನ್. ಹಿಂದೆ ಯುರೋಪಿನ ವೈದ್ಯರು ಓದಿ ಬರೆಯುತ್ತಿದ್ದುದು ಆ ಭಾಷೆಯಲ್ಲಿ. ಎಸ್.ಓ.ಎಸ್. ಎಂದರೆ ‘ಸಿ ಓಪಸ್ ಸಿಟ್’, ಬೇಕಾದರೆ ಮಾತ್ರ. ಬಿ.ಡಿ. ಎಂದರೆ ‘ಬಿಸ್ ದಿಯೆ’, ದಿನಕ್ಕೆ ಎರಡು ಸಲ. ಟಿ.ಡಿ.ಎಸ್. ಮೂರು ಸಲ. ಎಚ್.ಎಸ್. ಮಲಗುವ ಹೊತ್ತಿಗೆ. ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟವಾದ ಮೇಲೆ.

ಇಷ್ಟು ಬಾಯಿಪಾಠ ಮಾಡಿದರೂ ಸಾಲದು. ಓ.ಡಿ. ಎಂದರೆ ದಿನಕ್ಕೊಮ್ಮೆ, ಕಣ್ಣಿನ ಚೀಟಿಯಲ್ಲಿ ಅದೇ ಬಲಗಣ್ಣು! ಔಷಧದ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ನಿಯಮ ಮಾಡಿತು. ಅಕ್ಷರ ಸ್ಪಷ್ಟವಾದರೂ ಅರ್ಥವನ್ನು ಕೇಳಿಯೇ ತಿಳಿಯಬೇಕು.

ನಾಚಬೇಡಿ. ಮರಾಠಿಯಲ್ಲೋ ಹಿಂದಿಯಲ್ಲೋ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ. ನಮ್ಮ ರಾತ್ರಿಯೂಟ ಹನ್ನೆರಡು ಗಂಟೆಗೆ ಎಂಬುದನ್ನೂ ಡಾಕ್ಟರರಿಗೆ ಹೇಳಿ. ಓದಲು ಬಾರದವರು ಚೀಟಿಯನ್ನು ಸಂಘಕ್ಕೆ ತನ್ನಿ. ಇನ್ನು ನಾವು ಊಹಿಸಿ ಹೇಳುವುದಿಲ್ಲ. ನಿಮ್ಮ ಜೊತೆಗೆ ಬಂದು ಕೇಳುತ್ತೇವೆ.