ಹಲ್ಲಿಯೊಡನೆ ಒಂದೇ ಸೂರಿನಡಿ



ಪರೀಕ್ಷೆಯ ದಿನಗಳಲ್ಲಿ ರಾತ್ರಿ ಓದುತ್ತಾ ಕುಳಿತಾಗ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟುವುದನ್ನು ನೀವೆಲ್ಲರೂ ಕೇಳಿದ್ದೀರಿ. ಉಡುಪಿಯ ಕಡೆಯ ಮನೆಗಳಲ್ಲಿ ಹಿರಿಯರು ಕೂಡಲೇ ಬೆರಳಿನಿಂದ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಾರೆ. ಆಡುತ್ತಿದ್ದ ಮಾತು ಸತ್ಯವೆಂದು ಹಲ್ಲಿ ಸಾಕ್ಷಿ ನುಡಿಯಿತಂತೆ. ಅದೇ ಹಲ್ಲಿ ಹೆಗಲ ಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುತ್ತಾರೆ. ಹಾಲಿಗೆ ಬಿದ್ದರಂತೂ ಮನೆಮಂದಿಗೆಲ್ಲ ವಿಷದ ಭಯ. ತುಳುವಿನಲ್ಲಿ ‘ಪಲ್ಲಿ’ ಎನಿಸಿಕೊಳ್ಳುವ ಈ ಪ್ರಾಣಿಯೊಡನೆ ನಾವು ಹೇಗೆ ಬಾಳುತ್ತಿದ್ದೇವೆ, ಹೇಗೆ ಬಾಳಬಹುದು ಎಂಬುದೇ ಇಂದಿನ ಮಾತು.

ಮೊದಲು ವಿಷದ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ನಮ್ಮ ಗೋಡೆಗಳ ಮೇಲಿರುವ ಯಾವ ಹಲ್ಲಿಯೂ ವಿಷಕಾರಿಯಲ್ಲ. ಅದರ ಬಾಯಲ್ಲಾಗಲಿ, ಚರ್ಮದಲ್ಲಾಗಲಿ, ಬಾಲದಲ್ಲಾಗಲಿ ವಿಷವಿಲ್ಲ. ಹಾಗೆಂದು ಹಲ್ಲಿ ಬಿದ್ದ ಹಾಲನ್ನು ಕುಡಿಯಬಹುದೆಂದು ಅರ್ಥವಲ್ಲ. ಹಲ್ಲಿಗಳ ಕರುಳಿನಲ್ಲಿಯೂ ಹಿಕ್ಕೆಯಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ವಾಂತಿ, ಭೇದಿ, ಜ್ವರ ಬರುವುದು ಇಂಥ ರೋಗಾಣುವಿನಿಂದ. ಹಾವಿನ ವಿಷಕ್ಕೂ ಇದಕ್ಕೂ ಸಂಬಂಧವಿಲ್ಲ.

ನಾನು ಚಿಕ್ಕವನಿದ್ದಾಗ ಕಾರ್ಕಳದ ನಮ್ಮ ಮನೆಯಲ್ಲಿ ಒಂದು ಸಂಜೆ ಹಾಲಿನ ಪಾತ್ರೆಯಲ್ಲಿ ಹಲ್ಲಿ ತೇಲುತ್ತಿತ್ತು. ಅಜ್ಜಿ ಹಾಲನ್ನೆಲ್ಲ ತೆಂಗಿನ ಬುಡಕ್ಕೆ ಸುರಿದರು. ಆಮೇಲೆ ಹಿಡಿಸೂಡಿ ಹಿಡಿದು ಅಡುಗೆಮನೆಯ ಹಲ್ಲಿಗಳನ್ನೆಲ್ಲ ಹೊಡೆದು ಹಾಕಿದರು. ಸತ್ತವನ್ನು ಅಂಗಳಕ್ಕೆ ಎಸೆಯುವ ಕೆಲಸ ನನ್ನದಾಗಿತ್ತು. ಏಳೋ ಎಂಟೋ ಇದ್ದವು. ಹಾಲು ಚೆಲ್ಲಿದ್ದು ಸರಿ, ಚೆಲ್ಲಲು ಕೊಟ್ಟ ಕಾರಣ ತಪ್ಪು. ಹಿಡಿಸೂಡಿಯ ವಿಷಯ ಹೇಳುವುದಾದರೆ, ಆ ದಿನ ಪಾತ್ರೆಗೆ ಮುಚ್ಚಳ ಹಾಕಲು ಮರೆತವನು ನಾನೇ. ಅದನ್ನು ನಾನು ಅಜ್ಜಿಗೆ ಹೇಳಲಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲಾಗಲಿ ಹಾಸ್ಟೆಲಿನಲ್ಲಾಗಲಿ ಊಟದಲ್ಲಿ ಹಲ್ಲಿ ಕಂಡರೆ ಆ ಆಹಾರವನ್ನು ಪೂರ್ತಿ ಚೆಲ್ಲಿರಿ, ಪಾತ್ರೆಯನ್ನು ಸೋಪು ಹಾಕಿ ತೊಳೆಯಿರಿ. ತಿಂದವರಿದ್ದರೆ ಅವರನ್ನು ಹೆದರಿಸಬೇಡಿ. ಭಯವೊಂದೇ ಸಾಕು, ಹೊಟ್ಟೆ ತೊಳಸಲು. ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಇನ್ನು ಹಲ್ಲಿಯನ್ನೇ ನೋಡೋಣ. ಅದು ಮಾಡಿನಲ್ಲಿ ತಲೆಕೆಳಗಾಗಿ ಓಡುವುದು ಹೇಗೆ? ಪಾದದಲ್ಲಿ ಅಂಟು ಇಲ್ಲ, ಗಾಳಿ ಹೀರುವ ಬಟ್ಟಲೂ ಇಲ್ಲ. ಟೋಕೆ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿದ್ದು, ಪ್ರತಿ ರೋಮದ ತುದಿ ನೂರಾರು ಕವಲುಗಳಾಗಿ ಒಡೆದಿರುತ್ತದೆ. ಆ ಕವಲುಗಳಿಗೂ ಗೋಡೆಗೂ ನಡುವೆ ಉಂಟಾಗುವ ವಾನ್ ಡರ್ ವಾಲ್ಸ್ ಆಕರ್ಷಣೆಯೇ ಹಲ್ಲಿಯನ್ನು ಹಿಡಿದಿಡುತ್ತದೆಂದು ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ಪ್ರಯೋಗದಿಂದ ತೋರಿಸಿದರು. ರಸಾಯನಶಾಸ್ತ್ರದಲ್ಲಿ ನೀವು ಬಾಯಿಪಾಠ ಮಾಡುವ ಹೆಸರೇ ಅದು! ಮನೆಹಲ್ಲಿಯ ಬೆರಳುಗಳ ಅಡಿಯೂ ಇದೇ ಬಗೆಯದು.

ಹೆಣ್ಣು ಹಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ. ಅವುಗಳ ಚಿಪ್ಪು ಸುಣ್ಣದಿಂದಾದದ್ದು, ಗಟ್ಟಿ, ಬೇಗ ಒಣಗದು. ಕಾಪುವಿನ ದೀಪಸ್ತಂಭವನ್ನು ನೋಡಿದವರಿಗೆ ಅದು 1901ರಿಂದ ಹಡಗುಗಳಿಗೆ ದಾರಿ ತೋರುತ್ತಿರುವುದು ಗೊತ್ತು. ಅಂಥ ಸರಕಿನ ಹಡಗುಗಳಲ್ಲಿ ಅಡಗಿಯೇ ಏಷ್ಯಾದ ಮನೆಹಲ್ಲಿ ಪೆಸಿಫಿಕ್ ದ್ವೀಪಗಳನ್ನೂ ಆಸ್ಟ್ರೇಲಿಯಾವನ್ನೂ ಅಮೆರಿಕವನ್ನೂ ಸೇರಿತು. ಹವಾಯಿಯಲ್ಲಿ ಅದು ದೀಪವಿರುವ ಗೋಡೆಗಳನ್ನು ಆಕ್ರಮಿಸಿ, ಮೊದಲಿನಿಂದ ಅಲ್ಲಿದ್ದ ಚಿಕ್ಕ ಹಲ್ಲಿಗಳನ್ನು ಹಿಂದಕ್ಕೆ ತಳ್ಳಿದೆ. ನಮ್ಮ ಮನೆಯ ಸಾಧು ನೆರೆಯವನು ಪರಊರಿನಲ್ಲಿ ಹಾಗೆ!

ಎಲ್ಲ ಹಲ್ಲಿಗಳೂ ಮನೆಯನ್ನು ಬಯಸುವುದಿಲ್ಲ. ಕಾರ್ಕಳದಿಂದ ಘಟ್ಟದ ಕಡೆಗೆ ಹೋದಂತೆ ಕಾಡಿನ ಬಂಡೆಗಳ, ಮರದ ಬೊಡ್ಡೆಗಳ ಮೇಲೆ ಹಗಲಿನಲ್ಲೂ ಓಡಾಡುವ ಪುಟ್ಟ ಹಲ್ಲಿಗಳಿವೆ. ಅವುಗಳ ಕಣ್ಣುಪಾಪೆ ದುಂಡು. ಬೆರಳಿನಡಿ ಅಗಲವಾದ ಮೆತ್ತೆಯಿಲ್ಲ, ಉಗುರಷ್ಟೇ. ಅವಕ್ಕೆ ಬೇಕಾದದ್ದು ನೆರಳು ಮತ್ತು ತೇವ. ಜೋಗದ ಆಸುಪಾಸಿನಲ್ಲಿ ದೊರೆತ ಹಲ್ಲಿಯೊಂದನ್ನು ಮಾಲ್ಕಂ ಸ್ಮಿತ್ 1935ರಲ್ಲಿ ಹೊಸ ಜಾತಿಯೆಂದು ವಿವರಿಸಿ, ಅದಕ್ಕೆ ಭಾರತೀಯ ಪ್ರಾಣಿವಿಜ್ಞಾನಿ ಬೈನಿ ಪ್ರಶಾದ್ ಅವರ ಹೆಸರಿಟ್ಟರು. ಗೋಡೆಯ ಹಲ್ಲಿಯನ್ನು ಹೊಡೆಯುವ ಕೈ ಬಂಡೆಯ ಹಲ್ಲಿಯನ್ನೂ ಬಿಡುವುದಿಲ್ಲ ಎಂಬುದೇ ನನ್ನ ಚಿಂತೆ.

ಹಂಚಿನ ಮನೆಗಳಲ್ಲಿ ಹಲ್ಲಿಗೆ ಹಗಲು ಅಡಗಲು ಬೇಕಾದಷ್ಟು ಸಂದುಗಳಿದ್ದವು. ಮಣಿಪಾಲದ ತಾರಸಿ ಕಟ್ಟಡಗಳಲ್ಲಿ ಅದು ಟ್ಯೂಬ್‌ಲೈಟಿನ ಹಿಂದೆ, ಸ್ವಿಚ್‌ಬೋರ್ಡಿನ ಒಳಗೆ, ಬಾಗಿಲ ಸಂದಿಯಲ್ಲಿ ನುಸುಳುತ್ತದೆ. ಅಲ್ಲಿಯೇ ಸುಟ್ಟೋ ಜಜ್ಜಿಯೋ ಸಾಯುತ್ತದೆ. ವಯರು ಹೋಗುವ ತೂತುಗಳನ್ನು ಬಲ್ಲವರಿಂದ ಮುಚ್ಚಿಸಿರಿ, ಬಾಗಿಲು ಹಾಕುವ ಮುನ್ನ ಒಮ್ಮೆ ಸಂದಿ ನೋಡಿರಿ. ಇಲಿಗೆಂದು ಇಡುವ ಅಂಟಿನ ಹಲಗೆಯಂತೂ ಹಲ್ಲಿಗೆ ಬಹಳ ಕ್ರೂರವಾದದ್ದು. ಗಂಟೆಗಟ್ಟಲೆ ಒದ್ದಾಡಿ ಪ್ರಾಣ ಬಿಡುತ್ತದೆ. ಜೀವವಿರುವಾಗಲೇ ಕಂಡರೆ ಸುತ್ತಲೂ ತೆಂಗಿನೆಣ್ಣೆ ಹಚ್ಚಿ ಮೆಲ್ಲಗೆ ಬಿಡಿಸಬಹುದು. ಬಾಲ ಎಳೆಯಬೇಡಿ. ಕಳಚಿದ ಬಾಲ ಮತ್ತೆ ಬೆಳೆದರೂ ಅದರಲ್ಲಿ ಬೆನ್ನುಮಣಿಗಳಿರುವುದಿಲ್ಲ, ಮೃದ್ವಸ್ಥಿಯಷ್ಟೇ; ಜೊತೆಗೆ ಬಾಲದಲ್ಲಿ ಕೂಡಿಟ್ಟ ಕೊಬ್ಬೂ ನಷ್ಟ. ಕೈ ತೊಳೆಯುವುದನ್ನು ಮರೆಯಬೇಡಿ.

ಜೂನ್ ತಿಂಗಳ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲುಗಳು ದೀಪಕ್ಕೆ ಮುತ್ತುತ್ತವೆ. ಅಂದು ಅಡುಗೆಮನೆಯ ದೀಪ ಆರಿಸಿ, ಜಗಲಿಯ ದೀಪವನ್ನು ಮಾತ್ರ ಉರಿಸಿಡಿ. ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಎಷ್ಟು ಹಲ್ಲಿಗಳು ಬಂದವು, ಯಾವುದು ದೀಪಕ್ಕೆ ಹತ್ತಿರದ ಜಾಗ ಹಿಡಿಯಿತು, ಯಾವುದು ಯಾವುದನ್ನು ಅಟ್ಟಿತು, ಅರ್ಧ ಗಂಟೆಯಲ್ಲಿ ಒಂದು ಹಲ್ಲಿ ಎಷ್ಟು ಹುಳು ನುಂಗಿತು ಎಂದು ಬರೆದಿಡಿ.